ಮಾಸ್ತರರ ಗುಂಪು ಬಿಟ್ಟ ಸುದ್ದಿ

ಚಿಂಚೋಳಿ
೨೦ ಫೆಬ್ರುವರಿ ೨೦೨೫, ಗುರುವಾರ

ಪ್ರೀತಿಯ ಅವ್ವನಿಗೆ ನಿನ್ನ ಲುಂಬಿನಿಯ ಜೈ ಭೀಮ್.

ಹೇಗಿದ್ದೀ? ಮೊಣಕಾಲು ನೋವು ಏನನ್ನುತ್ತದೆ? ನಾಗಪುರದ ಕಡೆ ಈ ಸಲ ಚಳಿ ಜೋರಿತ್ತಂತೆ. ನಾನು ಕೊಟ್ಟ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಾ ಅವನ್ನೂ ಯಾರಿಗಾದರೂ ಕೊಟ್ಟು ಕೈ ಝಾಡಿಸಿಕೊಂಡೆಯೋ? ಧ್ಯಾನ ಕೇಂದ್ರದ ಅಡುಗೆಮನೆಯಲ್ಲಿ ಆರು ತಿಂಗಳು ಸೇವೆ ಮಾಡುತ್ತೇನೆ, ಫೋನು ಆಫೀಸಿನಲ್ಲಿ ಇಟ್ಟುಬಿಡುತ್ತೇನೆ, ಅವಶ್ಯಕ್ಕಿಂತ ಹೆಚ್ಚು ಮಾತಾಡುವುದಿಲ್ಲ ಎಂದು ನೀನು ಹೊರಟಾಗ ವಾಡಿಯಲ್ಲಿ ಒಬ್ಬರೂ ನಂಬಿರಲಿಲ್ಲ. ಇಪ್ಪತ್ತೆರಡು ವರ್ಷ ಸಾಲಿಯ ಬಿಸಿಯೂಟದ ಒಲೆಯ ಮುಂದೆ ನಿಂತು ಮುನ್ನೂರು ಮಕ್ಕಳನ್ನು ಬರೀ ದನಿಯಿಂದಲೇ ಸಾಲಾಗಿ ನಿಲ್ಲಿಸುತ್ತಿದ್ದ ಹಣಮಮ್ಮ ಈಗ ಮೌನದಲ್ಲಿದ್ದಾಳೆ ಅಂದರೆ ನಮ್ಮ ಓಣಿಯವರು ಇನ್ನೂ ನಗುತ್ತಾರೆ. ನಿನ್ನ ಎರಡು ಕಾರ್ಡುಗಳೂ ಮುಟ್ಟಿವೆ. ಎರಡರಲ್ಲೂ ಸೇರಿ ಹನ್ನೊಂದು ಶಬ್ದ ಇವೆ, ಅದರಲ್ಲಿ ನಾಲ್ಕು ಅಪ್ಪನಿಗೆ ಬೈದದ್ದು. ಆದ್ದರಿಂದ ನೀನು ಚೆನ್ನಾಗಿಯೇ ಇದ್ದೀ ಎಂದು ತಿಳಿದುಕೊಂಡಿದ್ದೇವೆ.

ಅಪ್ಪ ಆರಾಮ ಇದ್ದಾನೆ. ಫರಸಿ ಕಲ್ಲಿನ ಪಾಲಿಶ್ ಮಷೀನಿನ ಕೆಲಸಕ್ಕೆ ದಿನಾ ಶಹಾಬಾದಿಗೆ ಹೋಗಿ ಬರುತ್ತಾನೆ, ಬಂದು ತಾನೇ ರೊಟ್ಟಿ ಬಡಿಯುತ್ತಾನೆ. ಮೊದಮೊದಲು ಅವನ ರೊಟ್ಟಿಗೂ ಅವನು ಪಾಲಿಶ್ ಮಾಡುವ ಕಲ್ಲಿಗೂ ದಪ್ಪದಲ್ಲಿ ವ್ಯತ್ಯಾಸವಿರಲಿಲ್ಲ. ಈಗ ಪುಂಡಿ ಪಲ್ಯದ ಜೊತೆ ಎರಡು ತಿನ್ನಬಹುದು, ಮೂರನೆಯದಕ್ಕೆ ಧೈರ್ಯ ಬೇಕು.

ಅವ್ವಾ, ಕಾಗದದ ಮೇಲೆ ಚಿಂಚೋಳಿ ಎಂದು ಬರೆದಿರುವುದನ್ನು ಓದಿ ನೀನು ಆಗಲೇ ಕನ್ನಡಕ ಒರೆಸಿಕೊಂಡಿರುತ್ತೀ. ಸರಿಯಾಗಿಯೇ ಓದಿದ್ದೀ. ನಾನು ಸೆಪ್ಟೆಂಬರ್‌ನಿಂದ ಚಿಂಚೋಳಿಯಲ್ಲಿದ್ದೇನೆ. ಹಿಂದಿನ ಎರಡು ಕಾಗದಗಳನ್ನೂ ಇಲ್ಲಿ ಕೂತು ಬರೆದು, ಮೇಲೆ ವಾಡಿ ಎಂದು ಹಾಕಿ, ಅಪ್ಪನ ಕೈಲಿ ವಾಡಿಯಿಂದಲೇ ಅಂಚೆಗೆ ಹಾಕಿಸಿದ್ದೆ. ಅಪ್ಪನಿಗೆ ಬೈಯಬೇಡ. ಅವನು ಮೊದಲ ದಿನವೇ ಹೇಳಿದ್ದ, “ನಿಮ್ಮವ್ವಗ ನೀನೇ ಹೇಳವ್ವಾ, ಆಕಿ ಮುಂದ ನಿಂದ್ರೂ ತಾಕತ್ತು ನಂಗಿಲ್ಲ” ಎಂದು. ನೀನು ರೈಲು ಹತ್ತುವಾಗ ಕಿಟಕಿಯಿಂದ ಕೈ ಚಾಚಿ ನನ್ನ ಗದ್ದ ಹಿಡಿದು ಒಂದೇ ಮಾತು ಹೇಳಿ ಹೋಗಿದ್ದೆ, “ಮಾಸ್ತರ ಹೇಳಿದಂಗ ಕೇಳು.” ಆ ಮಾತು ಹೇಳಿ ಒಂದು ವಾರವೂ ಆಗಿರಲಿಲ್ಲ, ನಾನು ಖಂಡಪ್ಪ ಮಾಸ್ತರರ ಗುಂಪು ಬಿಟ್ಟೆ. ಈಗ ನಾನು ತಬಸ್ಸುಮ್ ಮೇಡಂ ಅವರ ಗುಂಪಿನಲ್ಲಿ ಓಡುತ್ತೇನೆ. ಹೇಳಿಬಿಟ್ಟೆ. ಇನ್ನು ಉಸಿರು ಬಿಟ್ಟು ಮೊದಲಿನಿಂದ ಹೇಳುತ್ತೇನೆ, ಪೂರ್ತಿ ಓದಿದ ಮೇಲೆ ಸಿಟ್ಟು ಮಾಡು.

ಮೂರು ವರ್ಷದಿಂದ ನನ್ನ ಓಟ ಒಂದೇ ಕಡೆ ನಿಂತಿದ್ದು ನಿನಗೆ ಗೊತ್ತು. ಹತ್ತು ಸಾವಿರ ಮೀಟರಿಗೆ ಮೂವತ್ತಾರು ನಿಮಿಷ, ಒಮ್ಮೆ ಐದು ಸೆಕೆಂಡು ಆಚೆ, ಒಮ್ಮೆ ಐದು ಸೆಕೆಂಡು ಈಚೆ. ಮಾಸ್ತರರಿಗೆ ಗೊತ್ತಿದ್ದ ಔಷಧಿ ಒಂದೇ, ಇನ್ನೂ ಜೋರಾಗಿ ಓಡು ಎನ್ನುವುದು. ವಾಡಿ ರಸ್ತೆಯ ಬಿಳಿ ಧೂಳಿನಲ್ಲಿ, ಕಲ್ಲಿನ ಲಾರಿಗಳ ಪಕ್ಕದಲ್ಲಿ ಸೋಮವಾರವೂ ಪೂರ್ತಿ ದಮ್ಮು ಹಾಕಿ ಓಡಬೇಕು, ಮಂಗಳವಾರವೂ ಅಷ್ಟೇ. ಕಳೆದ ವರ್ಷ ಮೊಣಕಾಲ ಕೆಳಗಿನ ಎಲುಬು ಬಿರುಕು ಬಿಟ್ಟು ಎರಡು ತಿಂಗಳು ಮನೆಯಲ್ಲಿ ಕೂತಾಗ ನೀನೇ ಅರಿಶಿಣ ಹಚ್ಚುತ್ತಿದ್ದೆ. ಆಗಸ್ಟಿನಲ್ಲಿ ಸೇಡಂನಲ್ಲಿ ಹತ್ತು ಕಿಲೋಮೀಟರಿನ ರಸ್ತೆ ಓಟ ಇತ್ತಲ್ಲ, ನಾನು ಐದನೆಯವಳಾಗಿ ಬಂದು ನಿನ್ನ ಮುಂದೆ ಬಿಸಿಲು ಭಾಳ ಇತ್ತು ಎಂದು ಹೇಳಿದೆನಲ್ಲ, ಬಿಸಿಲೇನೂ ಇರಲಿಲ್ಲ. ಏಳನೇ ಕಿಲೋಮೀಟರಿನಲ್ಲಿ ಜಬೀನಾ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ನನ್ನನ್ನು ದಾಟಿ ಹೋದಳು. ದಾಟುವಾಗ ಪಕ್ಕದ ಹುಡುಗಿಯ ಜೊತೆ ಮಾತಾಡುತ್ತಿದ್ದಳು ಅವ್ವಾ! ನನಗೆ ಉಸಿರು ಸಿಗುತ್ತಿಲ್ಲ, ಇವಳು ನೀರಿನ ಬಾಟಲಿ ಯಾರ ಹತ್ತಿರ ಇದೆ ಎಂದು ಕೇಳುತ್ತಿದ್ದಾಳೆ. ಓಟ ಮುಗಿದು ನಾನು ಕಟ್ಟೆಯ ಮೇಲೆ ಕೂತಾಗ ಅವಳ ತರಬೇತುದಾರರು ಬಂದರು. ಅವರೇ ತಬಸ್ಸುಮ್ ಮೇಡಂ. ಸುಲೇಪೇಟದವರು, ಹಿಂದೆ ತಾವೂ ಓಡುತ್ತಿದ್ದರು, ಈಗ ಚಿಂಚೋಳಿಯ ಕಾಲೇಜಿನಲ್ಲಿ ದೈಹಿಕ ಶಿಕ್ಷಕಿ. ನನ್ನ ಬೂಟಿನ ತಳ ನೋಡಿ ಅಂದರು, “ನಿಮ್ಮ ಮೈಯಾಗ ಇನ್ನಾ ಒಂದೂವರಿ ನಿಮಿಷ ಅದ. ನೀವು ಅದನ್ನ ದಿನಾ ತರಬೇತಿನ್ಯಾಗೇ ಖರ್ಚ್ ಮಾಡ್ಲಿಕತ್ತೀರಿ. ಓಟದ ದಿನಕ್ಕ ಉಳಿಯಂಗಿಲ್ಲ.” ಅಷ್ಟೇ ಅಂದು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು. ಬಾ ಎಂದೂ ಕರೆಯಲಿಲ್ಲ.

ಆ ಮಾತು ನನ್ನನ್ನು ಮೂರು ವಾರ ಕೂಡಗೊಡಲಿಲ್ಲ. ನನಗೆ ಇಪ್ಪತ್ತೆಂಟು. ವಾಡಿ ಸ್ಟೇಷನ್ನಿನ ಟಿಕೆಟ್ ಕೌಂಟರಿನ ನೌಕರಿ ಓಟದಿಂದ ಬಂದದ್ದು. ಆಟಗಾರರ ತರಬೇತಿ ರಜೆ ಕೇಳಲು ಹೋದಾಗ ಸಾಹೇಬರು ಸಹಿ ಮಾಡುತ್ತ ನಗುತ್ತಲೇ ಅಂದರು, “ಮಾರ್ಚ್ ಒಳಗ ಏನರ ಮಾಡಿ ತೋರ್ಸವ್ವಾ. ಇಲ್ಲಂದ್ರ ಮುಂದ ಎಂಟ್ ತಾಸ ಕೌಂಟರ್‌ದಾಗೇ ಕುಂದ್ರಬೇಕಾಗ್ತದ.” ಕೌಂಟರಿನಲ್ಲಿ ಕೂಡುವುದು ನನಗೆ ಕಷ್ಟವಲ್ಲ. ಆದರೆ ಮೈಯಲ್ಲಿ ಒಂದೂವರೆ ನಿಮಿಷ ಇಟ್ಟುಕೊಂಡು ಕೂಡುವುದು ಆಗುತ್ತಿರಲಿಲ್ಲ. ಇನ್ನೊಂದು ಕಡೆ ಮಾಸ್ತರರು. ಹದಿಮೂರು ವರ್ಷದವಳಿದ್ದಾಗ ಚಿತ್ತಾಪುರದ ತಾಲೂಕು ಕ್ರೀಡಾಕೂಟದಲ್ಲಿ ನಾನು ಸುತ್ತು ಎಣಿಸುವುದು ತಪ್ಪಿ ಒಂದು ಸುತ್ತು ಹೆಚ್ಚಿಗೆ ಓಡಿದೆ, ಎಲ್ಲರೂ ನಕ್ಕರು, ತೀರ್ಪುಗಾರರಾಗಿದ್ದ ಅವರೊಬ್ಬರೇ ನಗಲಿಲ್ಲ. “ಹೆಚ್ಚಿಗಿ ಓಡಿದ್ರೂ ಈ ಹುಡುಗಿ ತೇಕಾಕತ್ತಿಲ್ಲ” ಎಂದರಂತೆ. ಆ ಸುದ್ದಿ ಕೇಳಿ ನೀನು ನನ್ನ ಕೈ ಹಿಡಿದು ಶಹಾಬಾದಿನ ಅವರ ಮನೆ ಬಾಗಿಲಿಗೆ ಎಳೆದುಕೊಂಡು ಹೋಗಿದ್ದೆ. ಹದಿನೈದು ವರ್ಷದಲ್ಲಿ ಅವರು ನನಗೆ ಒಂದು ದಿನ ತಪ್ಪಿಸಿಲ್ಲ. ತಮ್ಮ ಮಗಳ ಮದುವೆಯ ಮುಂಜಾನೆಯೂ ಅರಿಶಿಣದ ಅಂಗಿಯಲ್ಲೇ ಮೈದಾನಕ್ಕೆ ಬಂದು ಶಿಳ್ಳೆ ಊದಿದ ಮನುಷ್ಯ.

ಸೆಪ್ಟೆಂಬರ್ ಹದಿನಾಲ್ಕರ ಮುಂಜಾನೆ ಹೇಳಿಬಿಟ್ಟೆ. ಉಳಿದವರು ಕಾಲು ಸಡಿಲ ಮಾಡಿಕೊಳ್ಳುತ್ತಿದ್ದರು. ನಾನು ಅವರ ಹತ್ತಿರ ಹೋಗಿ, ಸರ್, ನಾನು ಚಿಂಚೋಳಿಯ ಗುಂಪಿಗೆ ಹೋಗಬೇಕು ಅಂತ ಮಾಡೀನಿ ಎಂದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. “ಎಷ್ಟ ದಿನದಿಂದ ಅಂದ್ಕೊಂಡಿದ್ದಿ?” ಎಂದು ಕೇಳಿದರು. ಮೂರು ವಾರ ಸರ್ ಎಂದೆ. “ಅಂದ್ರ ಮೂರು ವಾರ ನನ್ನ ಮುಂದ ಸುಳ್ಳ ಓಡೀದಿ” ಎಂದವರೇ ತಿರುಗಿ, “ನಡೀರಿ, ಹೊತ್ತಾತು” ಎಂದು ಉಳಿದವರನ್ನು ಕರೆದು ಓಟ ಶುರು ಮಾಡಿಸಿದರು. ಹದಿನೈದು ವರ್ಷದಲ್ಲಿ ಮೊದಲನೇ ಸಲ ಆ ಗುಂಪು ನನ್ನನ್ನು ಬಿಟ್ಟು ಓಡಿತು. ಇಮ್ರಾನ್ ಮಾತ್ರ ಒಮ್ಮೆ ಹಿಂತಿರುಗಿ ನೋಡಿದ. ಆದಿತ್ಯನಗರದ ಇಮ್ರಾನ್, ಸಿಮೆಂಟು ಫ್ಯಾಕ್ಟರಿಯ ಕೆಲಸ ಮುಗಿಸಿ ಬಂದು ಓಡುತ್ತಾನಲ್ಲ, ನೀನು ಅವನಿಗೆ ಯಾವಾಗಲೂ ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತಿದ್ದೆಯಲ್ಲ, ಅವನೇ. ನಾನು ಬಸ್‌ಸ್ಟ್ಯಾಂಡಿಗೆ ನಡೆದು ಹೋಗಿ ಅಲ್ಲಿ ಚೆನ್ನಾಗಿ ಅತ್ತು, ಆಮೇಲೆ ಎರಡು ಪ್ಲೇಟು ಸುಸಲಾ ತಿಂದೆ. ನನಗೆ ಅತ್ತರೆ ಹಸಿವಾಗುತ್ತದೆ, ಅದು ನಿನ್ನಿಂದ ಬಂದದ್ದು.

ಚಿಂಚೋಳಿಯಲ್ಲಿ ಜಬೀನಾಳ ಮನೆಯ ಮಾಳಿಗೆಯ ಕೋಣೆ ಸಿಕ್ಕಿತು. ಹೌದು, ನನ್ನನ್ನು ಮಾತಾಡುತ್ತ ದಾಟಿ ಹೋದ ಅದೇ ಜಬೀನಾ. ಕೆಳಗೆ ಅವಳ ಅಜ್ಜಿ ಇರುತ್ತಾಳೆ, ನಾನು ಮೆಟ್ಟಿಲು ಇಳಿದಾಗೊಮ್ಮೆ “ಉಂಡೀಯೇನವ್ವಾ?” ಎಂದು ಕೇಳುತ್ತಾಳೆ. ಮುಂಜಾನೆ ಐದಕ್ಕೂ ಕೇಳುತ್ತಾಳೆ. ಇಲ್ಲಿಯ ನೆಲ ನಮ್ಮ ಕಡೆಯ ಹಾಗಲ್ಲ. ವಾಡಿಯಲ್ಲಿ ಓಡುತ್ತ ಓಡುತ್ತ ಹತ್ತು ಕಿಲೋಮೀಟರು ಮುಂದಿನ ಫ್ಯಾಕ್ಟರಿಯ ಚಿಮಣಿ ಕಾಣುತ್ತಿತ್ತು. ಇಲ್ಲಿ ಕಾಡಿನ ಅಂಚಿನ ದಾರಿ ಏರಿದರೆ ಮತ್ತೆ ಏರು, ಇಳಿಯಿತು ಎಂದು ಖುಷಿಪಟ್ಟರೆ ಅದು ಮುಂದಿನ ಏರಿಗೆ ತಯಾರಿ. ಮೊದಲ ದಿನ ಡ್ಯಾಮಿನ ರಸ್ತೆಯ ಏರಿನಲ್ಲಿ ಎಂಟು ಸಲ ಓಡಿ ಹತ್ತಬೇಕಿತ್ತು. ಐದನೆಯದಕ್ಕೆ ನಾನು ಒಂದು ಗಿಡ ಹಿಡಿದು ನಿಂತೆ. ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡವಳು ನಾನು, ಎಲ್ಲರಿಗಿಂತ ಹಿಂದೆಯೂ ನಾನು. ಜಬೀನಾ ಮೇಲಿನಿಂದ ಕೂಗಿದಳು, “ಅಕ್ಕಾ, ಗಿಡಾ ಕಿತ್ಕೊಂಡ್ ಬರಬ್ಯಾಡ್ರಿ, ಫಾರೆಸ್ಟ್‌ನೋರು ಹಿಡೀತಾರ!”

ಮೇಡಂ ಅವರ ಪದ್ಧತಿಯೇ ಬೇರೆ. ವಾರದಲ್ಲಿ ಎರಡೇ ದಿನ ಜೋರು. ಉಳಿದ ದಿನ ಇಷ್ಟು ನಿಧಾನ ಓಡಬೇಕು ಎಂದರೆ ಎಮ್ಮೆ ಕಾಯುವವರು ನಮ್ಮನ್ನು ದಾಟಿ ಹೋಗುತ್ತಾರೆ. “ಮಾತಾಡ್ಕೋತ ಓಡ್ರಿ. ಮಾತು ನಿಂತ್ರ ಓಟ ಹೆಚ್ಚಾಗ್ಯದ ಅಂತ ತಿಳ್ಕೊಳ್ರಿ” ಎನ್ನುತ್ತಾರೆ. ನನಗೆ ಹೇಳಿ ಮಾಡಿಸಿದ ತರಬೇತಿ ಎಂದು ನೀನು ನಗುತ್ತೀ. ಮೊದಲ ಒಂದು ತಿಂಗಳು ಹಾಗೇ ಇತ್ತು, ಮೇಡಂ ಹತ್ತಿರ ಬಂದಾಗ ಮಾತ್ರ ಸಂಕೋಚಕ್ಕೆ ಬಾಯಿ ಕಟ್ಟುತ್ತಿತ್ತು. ನಿದ್ದೆ ಚೆನ್ನಾಗಿ ಬರತೊಡಗಿತು, ಏರಿನಲ್ಲಿ ಗಿಡ ಹಿಡಿಯುವುದು ತಪ್ಪಿತು. ಆಮೇಲೆ ನಾನು ಮೂರ್ಖತನ ಮಾಡಿದೆ. ಅಕ್ಟೋಬರ್ ಕಡೆಗೆ ಎಡಗಾಲಿನ ಎಲುಬು, ಹಿಂದೆ ಬಿರುಕು ಬಿಟ್ಟ ಜಾಗವೇ, ಮತ್ತೆ ಚುರುಗುಟ್ಟತೊಡಗಿತು. ನಾನು ಯಾರಿಗೂ ಹೇಳಲಿಲ್ಲ. ಹೊಸ ಜಾಗ, ಎಲ್ಲ ಬಿಟ್ಟು ಬಂದವಳು, ಒಂದೂವರೆ ತಿಂಗಳಿಗೇ ಕುಂಟುತ್ತ ನಿಂತರೆ ಏನಂದಾರು? ಹಲ್ಲು ಕಚ್ಚಿ ಓಡಿದೆ. ಮಾತು ಬಿಟ್ಟೆ. ಮೇಡಂ ಸ್ಕೂಟಿಯ ಮೇಲೆ ಪಕ್ಕದಲ್ಲಿ ಬರುತ್ತ ಒಮ್ಮೆ ಅಂದರು, “ನೀವು ಸ್ವಭಾವದಿಂದಾನೇ ಕಡಿಮಿ ಮಾತಿನವರು ಅನಸ್ತದ ರಿ.” ಅವ್ವಾ, ಕಡಿಮೆ ಮಾತಿನವಳು! ನನ್ನನ್ನು! ಅವತ್ತು ನಗು ಬರಲಿಲ್ಲ. ಅವರಿಗೆ ಓಟದ ಬಗ್ಗೆ ಎಲ್ಲ ಗೊತ್ತಿತ್ತು, ನನ್ನ ಬಗ್ಗೆ ಏನೂ ಗೊತ್ತಿರಲಿಲ್ಲ. ಅದು ಅವರ ತಪ್ಪೂ ಅಲ್ಲ.

ಆ ರವಿವಾರ ಇಮ್ರಾನ್ ಮೋಟರ್‌ಸೈಕಲ್ ಮೇಲೆ ನನ್ನನ್ನು ನೋಡಲು ಬಂದಿದ್ದ. ನಮ್ಮ ಓಟ ನೋಡಿದ, ಚಹಾ ಕುಡಿದ, ಭಾಳ ಖುಷಿಯಾಗಿ ಹೋದ. ಹೋದವನು ಸೋಮವಾರ ಮುಂಜಾನೆ ಶಹಾಬಾದಿನಲ್ಲಿ ಮಾಸ್ತರರ ಮುಂದೆ ನನ್ನನ್ನು ಹೊಗಳಿದನಂತೆ. ನನ್ನ ಹೆಸರು ಎತ್ತಿದರೆ ಮಾಸ್ತರರು ಎದ್ದು ಹೋಗುತ್ತಿದ್ದರಂತೆ, ಆದರೂ ಹೇಳಿದ. “ಲುಂಬಿನಿ ಅಕ್ಕ ಭಾಳ ಸುಧಾರ್ಸ್ಯಾಳ ಸರ್. ಓಡುವಾಗ ಒಂದ್ ಗೊಣಗಾಟಿಲ್ಲ, ಒಂದ್ ಮಾತಿಲ್ಲ. ಸುಮ್ಮ ತಲಿ ತೆಳಗ ಹಾಕಿ ಓಡ್ತಾಳ.” ಮಾಸ್ತರರು ಕುಡಿಯುತ್ತಿದ್ದ ಚಹಾ ಕೆಳಗಿಟ್ಟು, “ಒಂದೂ ಮಾತಿಲ್ಲೇನು?” ಎಂದು ಎರಡು ಸಲ ಕೇಳಿದರಂತೆ. ಇಮ್ರಾನ್‌ಗೆ ಏನು ತಪ್ಪಾಯಿತು ಎಂದು ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ನಾಲ್ಕೂವರೆಗೆ ನಾವು ಡ್ಯಾಮಿನ ರಸ್ತೆಯಲ್ಲಿ ಓಡುತ್ತಿದ್ದೆವು. ಸೇತುವೆಯ ಕಟ್ಟೆಯ ಮೇಲೆ ಬಿಳಿ ಟೋಪಿ ಹಾಕಿಕೊಂಡು ಒಬ್ಬರು ಕೂತಿದ್ದರು. ಹತ್ತಿರ ಬಂದಾಗ ನೋಡಿದರೆ ಖಂಡಪ್ಪ ಮಾಸ್ತರರು! ವಾಡಿಗೆ ಬಂದು, ರೈಲಿನಲ್ಲಿ ಸೇಡಂಗೆ ಇಳಿದು, ಅಲ್ಲಿಂದ ಬಸ್ಸು ಹಿಡಿದು, ಊರಲ್ಲಿ ಕೇಳಿಕೊಂಡು ಹನ್ನೆರಡಕ್ಕೇ ಬಂದು ಆ ಬಿಸಿಲಲ್ಲಿ ಕೂತಿದ್ದರು. ನಾನು ಕೈ ಎತ್ತಿದೆ. ಅವರು ನನ್ನ ಮುಖ ನೋಡಲೇ ಇಲ್ಲ, ಕಾಲು ನೋಡಿದರು. ತಿರುಗಿ ಬರುವಾಗ ಅವರು ರಸ್ತೆಯ ನಡುವೆ ಬಂದು ಬಸ್ಸು ನಿಲ್ಲಿಸುವವರ ಹಾಗೆ ಕೈ ಅಡ್ಡ ಹಿಡಿದು ನಿಂತರು.

“ನಿಲ್ಲು. ಎಡಗಾಲೋ, ಬಲಗಾಲೋ?”

ಎಡ ಸರ್, ಎಂದೆ.

“ಎಷ್ಟ ದಿನಾತು?”

ಹನ್ನೆರಡು.

“ಹನ್ನೆರಡ್ ದಿನ! ನಿಮ್ಮವ್ವ ಅಲ್ಲಿ ಬಾಯಿ ಮುಚ್ಕೊಂಡಾಳಂತ ನೀ ಇಲ್ಲಿ ಮುಚ್ಕೊಂಡೀಯೇನು?”

ನಾನು ಅಲ್ಲೇ ರಸ್ತೆಯ ಮೇಲೆ ಕೂತು ಅತ್ತೆ. ಅಷ್ಟರಲ್ಲಿ ಮೇಡಂ ಅವರ ಸ್ಕೂಟಿ ಬಂತು. ನನಗೆ ಕಾಲಿಗಿಂತ ಹೆಚ್ಚು ಹೆದರಿಕೆ ಈಗ ಶುರುವಾಯಿತು. ಮಾಸ್ತರರ ನಾಲಿಗೆ ನಿನಗೆ ಗೊತ್ತಲ್ಲ. ಆದರೆ ಆದದ್ದೇ ಬೇರೆ. ಮೇಡಂ ಸ್ಕೂಟಿಯಿಂದ ಇಳಿದು, “ಸರ್, ನನ್ನ ಗುರ್ತ ಸಿಕ್ತೇನ್ರಿ?” ಎಂದು ಕೇಳಿದರು. ಮಾಸ್ತರರು ಟೋಪಿ ತೆಗೆದರು. “ಸಿಕ್ಕದ ತಾಯಿ. ಅವತ್ತ ನಾ ತಪ್ಪ ಮಾಡ್ದೆ.”

ಆಗ ನನಗೆ ತಿಳಿದ ಸಂಗತಿ ಇದು. ಇಪ್ಪತ್ತೈದು ವರ್ಷದ ಹಿಂದೆ, ತಬಸ್ಸುಮ್ ಮೇಡಂ ಹದಿನಾರರವರಿದ್ದಾಗ, ಅವರ ತಂದೆ ಅವರನ್ನು ಸುಲೇಪೇಟದಿಂದ ಶಹಾಬಾದಿಗೆ ಕರೆತಂದು, ನನ್ನ ಮಗಳಿಗೆ ಓಟ ಕಲಿಸಿ ಎಂದು ಇದೇ ಮಾಸ್ತರರನ್ನು ಕೇಳಿದ್ದರಂತೆ. ಹುಡುಗಿಯರ ಜವಾಬ್ದಾರಿ ನನ್ನಿಂದ ಆಗುವುದಿಲ್ಲ ಎಂದು ಮಾಸ್ತರರು ಬಾಗಿಲಲ್ಲೇ ಕಳಿಸಿಬಿಟ್ಟರು. ಮೇಡಂ ಬೇರೆ ಊರಿನ ಹಾಸ್ಟೆಲ್ ಸೇರಿ ಓಡಿ ರಾಜ್ಯಕ್ಕೆ ಪದಕ ತಂದರು. “ಪೇಪರ್‌ನ್ಯಾಗ ನಿನ್ನ ಫೋಟೋ ನೋಡಿದ ದಿನ ನನಗ ನಾಷ್ಟಾ ಇಳೀಲಿಲ್ಲ” ಎಂದರು ಮಾಸ್ತರರು. “ಮುಂದ ಇಕಿ ಅವ್ವ ಇಕೀನ್ನ ಎಳಕೊಂಡ್ ಬಂದಾಗ, ಬಾಯಿ ತೆರಿಯೂದರಾಗ ಹೂಂ ಅಂದ್ಬಿಟ್ಟೆ.” ನೋಡು ಅವ್ವಾ, ಇಷ್ಟು ವರ್ಷ ನೀನು, ನನ್ನ ಬಾಯಿಗೆ ಹೆದರಿ ಮಾಸ್ತರ ಒಪ್ಪಿದ್ರು ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೀ. ನಿನ್ನ ಬಾಯಿಯ ಪಾಲೇನೂ ಅದರಲ್ಲಿ ಇರಲಿಲ್ಲ. ಮೇಡಂ ಅದನ್ನು ಕೇಳಿ ಸ್ಕೂಟಿಯನ್ನು ರಸ್ತೆಯ ಪಕ್ಕಕ್ಕೆ ಹಚ್ಚಿದರು. ಪರವಾಗಿಲ್ಲ ಎನ್ನಲಿಲ್ಲ. ಆಮೇಲೆ, “ಬರ್ರಿ ಸರ್, ಬಿಸಲಾಗ ಕುಂತೀರಿ, ಮನಿಗೆ ಹೋಗಿ ನೀರ್ ಕುಡೀರಿ” ಎಂದರು.

ಮೇಡಂ ಅವರ ಮನೆಯ ಅಂಗಳದಲ್ಲಿ ಕೂತು ಮಾಸ್ತರರು ಒಂದು ತಾಸು ನನ್ನ ಬಗ್ಗೆ ಹೇಳಿದರು. ನಾನು ಅಲ್ಲೇ ಕೂತಿದ್ದೇನೆ ಎಂಬ ಖಬರೂ ಇಲ್ಲದ ಹಾಗೆ. “ಇಕಿ ಅಯ್ಯೋ ಕಾಲ್ ಹೋತು, ಸತ್ತೆ ಅಂತ ಒದರ್ಕೋತ ಓಡಾಕತ್ತಿದ್ರ ಏನೂ ಆಗಿರಂಗಿಲ್ಲ, ಓಡಸ್ರಿ. ಬಾಯಿ ಮುಚ್ಚಿದ್ರ ನಿಲ್ಲಸ್ರಿ. ಮಳಿ ದಿನ ಚಲೋ ಓಡ್ತಾಳ. ಎರಡನೇ ಸಲ ಬೈದ್ರ ಸೆಟೀತಾಳ, ಒಂದೇ ಸಲ ಬೈರಿ. ಓಟದ ಹಿಂದಿನ ದಿನ ಮೊಸರನ್ನಾ ಕೊಡಬ್ಯಾಡ್ರಿ.” ಮೇಡಂ ಒಂದು ಪೇಪರ್ ತೆಗೆದುಕೊಂಡು ಎಲ್ಲ ಬರೆದುಕೊಂಡರು. ಬಾಣಂತಿಯನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ಪಥ್ಯ ಹೇಳುತ್ತಾರಲ್ಲ, ಹಾಗಿತ್ತು. ನನಗೆ ನಾಚಿಕೆಯೂ ಆಯಿತು, ಸುಖವೂ ಆಯಿತು. ಹೊರಡುವಾಗ ಮಾಸ್ತರರು ಮೊದಲ ಸಲ ನನ್ನ ಕಡೆ ತಿರುಗಿ, “ನನ್ನ ಗುಂಪಿಗಿ ವಾಪಸ್ ಬಾ ಅಂತ ಹೇಳಾಕ ಬಂದಿಲ್ಲ ನಾ. ಇವರ ಹತ್ರಾನೇ ಇರು. ನನಗ ಗೊತ್ತಿದ್ದಷ್ಟು ಕಲಿಸೀನಿ, ಅದು ಮುಗದದ. ಅದನ್ನ ನಾನೇ ಮೊದಲ ಹೇಳ್ಬೇಕಿತ್ತು” ಎಂದರು. ಕಡೆಯ ಬಸ್ಸಿಗೆ ಹೊತ್ತಾಯಿತು ಎಂದು ಗಡಿಬಿಡಿಯಿಂದ ಹೋಗಿಬಿಟ್ಟರು. ನಾನು ಕಾಲಿಗೆ ಬೀಳುವುದಕ್ಕೂ ಬಿಡಲಿಲ್ಲ.

ಕಲಬುರಗಿಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಶುರುವಾಗಿತ್ತು. ಇನ್ನೊಂದು ವಾರ ಹಾಗೇ ಓಡಿದ್ದರೆ ಈ ವರ್ಷ ಮುಗಿದೇ ಹೋಗುತ್ತಿತ್ತು ಎಂದರು ಡಾಕ್ಟರು. ಐದು ವಾರ ನೆಲದ ಮೇಲೆ ಓಡುವಂತಿಲ್ಲ. ಗಾಬರಿಯಾಗಬೇಡ, ಈಗ ಪೂರ್ತಿ ವಾಸಿಯಾಗಿದೆ, ನಿನ್ನ ಆಣೆ. ಆ ಐದು ವಾರ ನಾನು ಎಲ್ಲಿ ಓಡಿದೆ ಹೇಳು? ಬಾವಿಯಲ್ಲಿ! ಸುಲೇಪೇಟದಲ್ಲಿ ಮೇಡಂ ಅವರ ಅಣ್ಣನ ಹೊಲದಲ್ಲಿ ಮೆಟ್ಟಿಲಿನ ದೊಡ್ಡ ಬಾವಿ ಇದೆ. ನಡುವಿಗೆ ಲಾರಿಯ ಟ್ಯೂಬು ಕಟ್ಟಿಕೊಂಡು, ಅದಕ್ಕೊಂದು ಹಗ್ಗ ಕಟ್ಟಿ ಮೇಲಿನ ಕಂಬಕ್ಕೆ ಬಿಗಿದು, ನೀರಿನಲ್ಲಿ ನೆಲ ಮುಟ್ಟದೆ ಓಡಬೇಕು. ದಿನಾ ಒಂದು ತಾಸು. ಎಷ್ಟು ಓಡಿದರೂ ಅದೇ ಗೋಡೆ, ಅದೇ ಪಾರಿವಾಳ. ತೊಗರಿ ಹೊಲಕ್ಕೆ ಹೊರಟ ಹೆಂಗಸರು ಮೊದಲ ದಿನ ಬಗ್ಗಿ ನೋಡಿ, “ಅಯ್ಯ ನಮ್ಮವ್ವಾ, ಬಿದ್ದೀಯೇನು? ಹಗ್ಗಾ ಜಗ್ಗಲೇನು?” ಎಂದು ಕೂಗಿದರು. ಇಲ್ರೆವ್ವಾ, ಓಡಾಕತ್ತೀನಿ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಮೂರನೇ ದಿನದಿಂದ ನನ್ನನ್ನು ನೋಡುವುದಕ್ಕೇ ದಾರಿ ಸುತ್ತು ಹಾಕಿ ಬರತೊಡಗಿದರು, ಕೂತು ಎಲೆ ಅಡಿಕೆ ಹಾಕಿಕೊಂಡು ಮಾತಾಡಿಸುತ್ತಿದ್ದರು. ನಾನು ಬಾವಿಯ ಒಳಗಿನಿಂದ ಉತ್ತರ ಕೊಡುತ್ತಿದ್ದೆ. ಮೇಡಂ ದಂಡೆಯಲ್ಲಿ ನಿಂತು ನನ್ನ ಮಾತು ಕೇಳುತ್ತ, ಒಂದು ದಿನ ಜಬೀನಾಳಿಗೆ ಅಂದರು, “ಇಕಿ ಮಾತು ಇಷ್ಟದ ಅಂತ ನನಗ ಯಾರೂ ಹೇಳೇ ಇಲ್ಲಲ್ಲ!” ಅವತ್ತಿನಿಂದ ಅವರು ನನಗೆ ರೀ ಅನ್ನುವುದನ್ನು ಬಿಟ್ಟರು. ಡಿಸೆಂಬರ್‌ನಲ್ಲಿ ಮತ್ತೆ ಏರಿಗೆ ಬಂದೆ. ಜನವರಿಯಲ್ಲಿ ಒಂದು ಮುಂಜಾನೆ ಎಂಟನೇ ಏರು ಹತ್ತಿ ನಿಂತು ಹಿಂದೆ ನೋಡಿದರೆ ಜಬೀನಾ ಇನ್ನೂ ಬರುತ್ತಿದ್ದಳು. ನಾನು ಗಿಡದ ಬಗ್ಗೆ ಏನೋ ಅಂದೆ, ಬರೆಯುವುದಿಲ್ಲ.

ಈಗ ಮುಖ್ಯ ಸುದ್ದಿ. ಹೋದ ರವಿವಾರ ಕಲಬುರಗಿಯ ಕ್ರೀಡಾಂಗಣದಲ್ಲಿ ರಾಜ್ಯದ ಆಯ್ಕೆ ಓಟ ಇತ್ತು. ಹತ್ತು ಸಾವಿರ ಮೀಟರು, ಇಪ್ಪತ್ತೈದು ಸುತ್ತು, ಹದಿನೇಳು ಮಂದಿ. ಮೊದಲ ಇಬ್ಬರಿಗೆ ರಾಷ್ಟ್ರೀಯ ಓಟದಲ್ಲಿ ಜಾಗ. ಮೇಡಂ ಟ್ರ್ಯಾಕಿನ ಈ ತಿರುವಿನಲ್ಲಿ ನಿಂತಿದ್ದರು. ಎರಡನೇ ಸುತ್ತಿಗೆ ನೋಡುತ್ತೇನೆ, ಆ ತಿರುವಿನಲ್ಲಿ ಮಾಸ್ತರರು, ಪಕ್ಕದಲ್ಲಿ ಇಮ್ರಾನ್. ಮಾಸ್ತರರು ಪ್ರತಿ ರವಿವಾರ ಮೇಡಂ ಅವರಿಗೆ ಫೋನು ಮಾಡಿ ತರಬೇತಿಯ ಬಗ್ಗೆ ಜಗಳ ಆಡುತ್ತಾರೆ ಎಂದು ಗೊತ್ತಿತ್ತು, ಬರುತ್ತಾರೆ ಎಂದು ಗೊತ್ತಿರಲಿಲ್ಲ. ಅವರ ಜಗಳ ಟ್ರ್ಯಾಕಿನ ಮೇಲೂ ಮುಂದುವರಿಯಿತು. ಹದಿನೆಂಟನೇ ಸುತ್ತಿನಲ್ಲಿ ನಾನು ನಾಲ್ಕನೆಯವಳು. ಆ ತಿರುವಿನಲ್ಲಿ ಮಾಸ್ತರರು, “ಹೋಗು, ಈಗ ಹೋಗು! ಏನ್ ನೋಡ್ತಿ?” ಈ ತಿರುವಿಗೆ ಬಂದರೆ ಮೇಡಂ, “ಇನ್ನಾ ಬ್ಯಾಡ! ತಡಿ, ಸೊಲ್ಪ ತಡಿ!” ಒಬ್ಬರು ದೂಡುತ್ತಾರೆ, ಒಬ್ಬರು ಹಿಡಿಯುತ್ತಾರೆ. ಹತ್ತೊಂಬತ್ತಕ್ಕೂ ಅದೇ, ಇಪ್ಪತ್ತಕ್ಕೂ ಅದೇ. ಅವ್ವಾ, ಆಗ ನನಗೊಂದು ವಿಚಿತ್ರ ಆಯಿತು. ಇಬ್ಬರ ಮಾತೂ ಕಿವಿಗೆ ಬೀಳುತ್ತಿತ್ತು, ಆದರೆ ನನ್ನ ಉಸಿರಿನ ಸಪ್ಪಳ ಅದಕ್ಕಿಂತ ಚೆನ್ನಾಗಿ ಕೇಳಿಸುತ್ತಿತ್ತು. ಮುಂದಿನ ಹುಡುಗಿಯ ಹೆಗಲು ಮೇಲೆ ಏರಿತ್ತು, ಅವಳಿಗೆ ಕಷ್ಟ ಶುರುವಾಗಿತ್ತು, ನನಗೆ ಆಗಿರಲಿಲ್ಲ. ಇಪ್ಪತ್ತೆರಡನೇ ಸುತ್ತಿನ ನಡುವೆ, ಯಾರೂ ಏನೂ ಹೇಳದ ನೇರ ದಾರಿಯಲ್ಲಿ, ನಾನೇ ಹೊರಟೆ. ಒಬ್ಬಳನ್ನು ದಾಟಿದೆ. ಮುಂದಿನ ಸುತ್ತಿನಲ್ಲಿ ಇನ್ನೊಬ್ಬಳನ್ನು. ಮೊದಲನೆಯವಳು ಸಿಗಲಿಲ್ಲ, ಅವಳು ಧಾರವಾಡದ ಕಡೆಯವಳು, ಓಟದಲ್ಲಿ ಹರಿಣವೇ. ನಾನು ಎರಡನೆಯವಳು. ಮೂವತ್ನಾಲ್ಕು ನಿಮಿಷ, ಮೂವತ್ತೊಂಬತ್ತು ಸೆಕೆಂಡು!

ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದಾಗ ಇಬ್ಬರೂ ಬಂದು ತಲೆಯ ಹತ್ತಿರ ನಿಂತರು. ಮಾಸ್ತರರು ಮೇಡಂ ಅವರಿಗೆ ಹೇಳುತ್ತಿದ್ದರು, “ಇಬ್ಬರ ಮಾತೂ ಕೇಳ್ಲಿಲ್ಲ ನೋಡ್ರಿ ಇಕಿ.” ಅಷ್ಟು ಸಂತೋಷದಿಂದ ಅವರು ನನ್ನ ಮೇಲೆ ಯಾವತ್ತೂ ದೂರು ಹೇಳಿರಲಿಲ್ಲ. ವಾಡಿಯ ಸಾಹೇಬರಿಗೆ ಫೋನು ಮಾಡಿದೆ. ಅವರು ಮೊದಲು ಅಭಿನಂದನೆ ಹೇಳಿ, ಆಮೇಲೆ ಕೌಂಟರಿಗೆ ಬೇರೆಯವರನ್ನು ಹುಡುಕಬೇಕಲ್ಲ ಎಂದು ನಿಟ್ಟುಸಿರು ಬಿಟ್ಟರು.

ಇದು ನಡೆದದ್ದು. ನಿನ್ನ ಮಾತು ಮೀರಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಗುಂಪು ಬಿಟ್ಟದ್ದಕ್ಕೆ ಕೇಳುವುದಿಲ್ಲ, ಮಾಸ್ತರರೇ ಇಲ್ಲೇ ಇರು ಅಂದಿದ್ದಾರೆ. ಅಲ್ಲಿಯ ಅಡುಗೆಮನೆಯ ಹಿರಿಯರಿಗೆಲ್ಲ ನನ್ನ ವಂದನೆ ತಿಳಿಸು. ಜಬೀನಾಳ ಅಜ್ಜಿ ನಿನ್ನನ್ನು ನೋಡಿಲ್ಲ, ಆದರೂ ಸಲಾಮು ಹೇಳಿದ್ದಾಳೆ, ಉಂಡಿದ್ದೀಯೇನು ಎಂದೂ ಕೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಗುಳಿಗೆ ತಗೋ, ಭಾರದ ಪಾತ್ರೆ ಒಬ್ಬಳೇ ಎತ್ತಬೇಡ.

ನಿನ್ನ ಮುದ್ದಿನ, ಈಗ ತುಸು ವೇಗದ ಮಗಳು
ಲುಂಬಿನಿ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಓಡುತ್ತ ಬರೆಯುತ್ತಿದ್ದೇನೆ. ರಾಷ್ಟ್ರೀಯ ಓಟ ಎಲ್ಲಿ ಗೊತ್ತೇ? ನಾಗಪುರದಲ್ಲೇ! ಮಾರ್ಚ್ ಹದಿನಾರು, ರವಿವಾರ, ಮುಂಜಾನೆ ಆರೂವರೆಗೆ. ನಿನ್ನ ಸೇವೆ ಹನ್ನೆರಡನೇ ತಾರೀಖಿಗೆ ಮುಗಿಯುತ್ತದೆ. ಊರಿನ ಗಾಡಿ ಹತ್ತಬೇಡ, ಅಲ್ಲೇ ಇರು. ನಾನು, ಅಪ್ಪ, ಮೇಡಂ, ಮಾಸ್ತರರು ಹದಿನಾಲ್ಕಕ್ಕೆ ಬಂದು ನಿನ್ನನ್ನು ಕರೆದುಕೊಳ್ಳುತ್ತೇವೆ. ಹದಿನೈದು ವರ್ಷದಿಂದ ನಾನು ಓಡುವ ಹೊತ್ತಿಗೆಲ್ಲ ನೀನು ಸಾಲಿಯ ಒಲೆ ಹಚ್ಚುತ್ತಿದ್ದೆ. ಪದಕ ನೋಡಿದ್ದೀ, ಬಿರುಕು ಬಿಟ್ಟ ಕಾಲು ನೋಡಿದ್ದೀ, ಓಡುವುದನ್ನು ಒಮ್ಮೆಯೂ ನೋಡಿಲ್ಲ. ಈ ಕಾಗದ ಇಷ್ಟುದ್ದ ಬರೆದದ್ದು ಇದೊಂದನ್ನು ಕೇಳಲಿಕ್ಕೆ. ಬರುತ್ತೀಯಲ್ಲ?